ಮೂರನೆಯ ನೀರು

ಮತ್ತೆ ಬಂದಿದ್ದೀಯ.
ಏಪ್ರಿಲ್ ಮೊದಲ ವಾರ, ಬಟಾಣಿ ಬಿತ್ತಿದ ಸಾಲಿನ ಪಕ್ಕದಲ್ಲೇ
ಗೇಣುದ್ದ ಎದ್ದು ನಿಂತಿದ್ದೀಯ,
ಹೇಳದೆ ಕೇಳದೆ ಬಂದು ಸೋಫಾ ಹಿಡಿದು ಕೂತ
ಗಂಡನ ತಮ್ಮನ ಹಾಗೆ.

ಪೋಕ್ ಎಂದು ಹೆಸರು. ಪೋಕರಿ.
ಹಿತ್ತಿಲ ಗಿಡ ಮದ್ದಲ್ಲ, ಒಪ್ಪಿದೆ.
ನಂಜೂ ಆಗಬೇಕಿತ್ತೇ?

ಹೋದ ವರ್ಷ ಇಡೀ ಒಂದು ಮಧ್ಯಾಹ್ನ ನಿನ್ನ ಬುಡ ಅಗೆದೆ.
ಮೊಣಕಾಲಾಳ ಹೋದರೂ ಬೇರು ಮುಗಿಯಲಿಲ್ಲ.
ಕೂಸಿನ ತೊಡೆಯಷ್ಟು ದಪ್ಪ, ಅಷ್ಟೇ ಬೆಳ್ಳಗೆ;
ಗುದ್ದಲಿ ಎತ್ತಿದ ಕೈ ಒಂದು ಗಳಿಗೆ ಅಲ್ಲೇ ನಿಂತಿತು.
ಬೇಲಿಯಾಚೆ ಹೋಬರ್ಟ್ ಸ್ಟಿಡಮ್,
ಮೂವತ್ತೊಂದು ವರ್ಷ ಕಲ್ಲಿದ್ದಲು ಅಗೆದವನು:
"ಬಿಡು ಆರ್ಡಿತ್, ನಮ್ಮ ಗಣಿಗಿಂತ ಕೆಳಗೆ ಹೋಗಿದೆ ಅದು."
ಅಂದು ಕೆಮ್ಮಿದನೋ ನಕ್ಕನೋ,
ಅವನದು ಈಗೀಗ ಎರಡೂ ಒಂದೇ ಸದ್ದು.

ಕಡಿದೆ. ಮುರಿಯಿತು. ಅರ್ಧ ಒಳಗೇ ಉಳಿಯಿತು.
ಆಗಸ್ಟಿಗೆಲ್ಲ ನನ್ನ ತಲೆ ಮೀರಿ ಬೆಳೆದಿದ್ದೆ,
ಕೆನ್ನೀಲಿ ದಂಟು, ಜೋತುಬಿದ್ದ ಕರಿಹಣ್ಣಿನ ಗೊಂಚಲು.
ಚರ್ಚಿಗೆ ಹೋಗುವವರೆಲ್ಲ ಕಾರು ನಿಧಾನ ಮಾಡಿ ನೋಡುತ್ತಿದ್ದರು.
ನಾನು ಸಾಕಿದ ಡೇಲಿಯಾ ಕಡೆ ಯಾರೂ ತಿರುಗಲಿಲ್ಲ.

ಆ ಸೆಪ್ಟೆಂಬರ್ ಶನಿವಾರ.
ಮೊಮ್ಮಗಳು ಕಿನ್ಸ್‌ಲೀ ಒಳಗೆ ಬಂದಳು
ಬಾಯಿ, ಗಲ್ಲ, ಹತ್ತೂ ಬೆರಳು ನೇರಳೆ.
ಫೋನಿನ ಆ ಕಡೆಯ ದನಿ ಕೇಳಿತು: "ಎಷ್ಟು ಹಣ್ಣು?"
ಪಕ್ಕದಲ್ಲಿ ಕೂತು ಎಣಿಸಿಕೊಟ್ಟವಳು ನಾನೇ ಎಂಬಂತೆ.
ಹಜಾರ್ಡ್‌ವರೆಗೆ ಹನ್ನೆರಡು ಮೈಲಿ
(ಅಪಾಯ ಎಂದೇ ಹೆಸರಿಟ್ಟ ಊರಿನಲ್ಲಿ ಆಸ್ಪತ್ರೆ ಕಟ್ಟಿದ್ದಾರೆ)
ದಾರಿಯುದ್ದಕ್ಕೂ ನಿನಗೆ ಬೈದೆ,
ಆಮೇಲೆ ನನಗೆ, ಆಮೇಲೆ ಗುದ್ದಲಿಗೆ.
ಡಾಕ್ಟರ ಮುಂದೆ ಹುಡುಗಿ ಬಾಯಿ ಬಿಟ್ಟಳು:
"ತಿಂದಿಲ್ಲ. ಲಿಪ್‌ಸ್ಟಿಕ್ ಹಚ್ಚಿಕೊಂಡೆ.
ಗೊಂಬೆ ಮದುವೆ ಇತ್ತು."

ಮೂರು ದಿನ ಬಣ್ಣ ಹೋಗಲಿಲ್ಲ.
ನನ್ನ ಎದೆಬಡಿತ ಅದಕ್ಕಿಂತ ಹೆಚ್ಚು ದಿನ ತೆಗೆದುಕೊಂಡಿತು.

ಹಕ್ಕಿಗಳಿಗೆ ಮಾತ್ರ ನಿನ್ನ ಹಣ್ಣು ಹಬ್ಬದೂಟ.
ಹೊಟ್ಟೆ ತುಂಬ ತಿಂದು
ನಾನು ಒಣಹಾಕಿದ ಬಿಳಿ ಹಾಸಿಗೆ ಮೇಲೆ
ಸಾಲುಸಾಲು ನೇರಳೆ ರುಜು ಹಾಕಿ ಹೋಗುತ್ತವೆ.
ಮುಂದಿನ ವರ್ಷದ ನೀನು ಅದರೊಳಗೆ.

ಆದರೂ ರೂಹಾಮಾ ಅಜ್ಜಿಯ ಚೀಟಿ ಎಸೆಯಲಾರೆ.
ಮುಷ್ಕರದ ವರ್ಷ, ಕಂಪನಿ ಅಂಗಡಿಯಲ್ಲಿ ಸಾಲವಿಲ್ಲ,
ಡಬ್ಬದ ತಳದಲ್ಲಿ ಜೋಳದ ಹಿಟ್ಟು, ಏಳು ಮಕ್ಕಳು.
ಕೆಂಪೇರದ ನಿನ್ನ ಎಳೆ ಕುಡಿ ಮುರಿದು ತಂದು
ಕುದಿಸಿ ನೀರು ಚೆಲ್ಲು, ಕುದಿಸಿ ನೀರು ಚೆಲ್ಲು,
ಮತ್ತೊಮ್ಮೆ ಕುದಿಸಿ ಚೆಲ್ಲು.
"ಮೊದಲ ನೀರು ವಿಷಕ್ಕೆ, ಎರಡನೇದು ಅನುಮಾನಕ್ಕೆ,
ಮೂರನೇದು ನಿಮ್ಮ ತಾತನಿಗೆ, ಅವರು ಹೆದರುಪುಕ್ಕಲರು."
ಹಂದಿಕೊಬ್ಬಿನಲ್ಲಿ ಬಾಡಿಸಿ, ಎರಡು ಮೊಟ್ಟೆ ಒಡೆದುಹಾಕು.
ಚೀಟಿ ಬರೆದದ್ದೂ ನಿನ್ನ ಹಣ್ಣಿನ ರಸದಲ್ಲೇ;
ಶಾಯಿಗೆ ಕಾಸೆಲ್ಲಿತ್ತು?
ಈಗ ಅಕ್ಷರ ಒಣಗಿದ ರಕ್ತದ ಕಂದು.

ಇವತ್ತು ಬೆಳಿಗ್ಗೆ ಗುದ್ದಲಿ ಹಿಡಿದೇ ಹೊರಟಿದ್ದೆ.
ಬಾಗಿಲು ದಾಟುವಾಗ ಇನ್ನೊಂದು ಕೈಯಲ್ಲಿ
ಪಾತ್ರೆ ಹೇಗೆ ಬಂತೋ.
"ಬೇಯಿಸೋದಾದರೆ ನನಗೂ ಒಂದು ಬಟ್ಟಲು,"
ಬೇಲಿ ಮೇಲಿಂದ ಕೆಮ್ಮು.

ಒಲೆಯ ಮೇಲೆ ಕುದಿಯುತ್ತಿದ್ದೀಯ.
ಬಸಿದದ್ದನ್ನು ಹೊರಗೆ ಒಯ್ದು, ಹಬೆಯಾಡುವಾಗಲೇ,
ನಿನ್ನ ಉಳಿದರ್ಧ ಬೇರಿನ ಮೇಲೆ ಸುರಿದು ಬಂದೆ.
ಸಾಯಲಿ ಅಂತ. ಅಥವಾ, ಗೊತ್ತಿಲ್ಲ.

ಈ ನಡುವೆ ಹುಡುಗಿ ಫೋನು ಮಾಡಿದಳು,
ಲೆಕ್ಕ ತಪ್ಪಿತು.
ಇದು ಎರಡನೆಯದೋ ಮೂರನೆಯದೋ.
ಚೆಲ್ಲುತ್ತೇನೆ.
ಮತ್ತೆ ನೀರಿಡುತ್ತೇನೆ.